ಸುಣ್ಣದ ಮಾತ್ರೆ

ಮಗು ಮುಳುಗುತ್ತಿದ್ದಾಗ ಅವಳು ನೋಡುತ್ತಲೇ ನಿಂತಿದ್ದಳಂತೆ.

ಈಜುಕೊಳದಲ್ಲಿದ್ದವರೆಲ್ಲ ಆಮೇಲೆ ಹೇಳಿದ್ದು ಇದೊಂದೇ ಮಾತು. ಓಡಲಿಲ್ಲ, ಕೂಗಲಿಲ್ಲ, ಕೊರಳಲ್ಲಿ ನೇತಾಡುತ್ತಿದ್ದ ಸೀಟಿಯತ್ತ ಕೈಯೂ ಹೋಗಲಿಲ್ಲ. ತೇಲುಹಲಗೆ ಕೈಜಾರಿ, ಪುಟ್ಟ ಹುಡುಗಿಯೊಬ್ಬಳು ಅವಳ ಕಾಲಬುಡದಲ್ಲೇ ನೀರಿನೊಳಗೆ ಇಳಿದುಹೋದಳು. ಆಚೆ ದಡದಲ್ಲಿದ್ದ ಕಾವಲಿನವನು ಬೂಟು ಬಟ್ಟೆ ಸಮೇತ ಧುಮುಕಿ ಎತ್ತಿ ತಂದ. ಮಗು ನೀರು ಕಕ್ಕಿತು, ಕೆಮ್ಮಿತು, ಕಟ್ಟಡವೇ ಕಿತ್ತುಹೋಗುವ ಹಾಗೆ ಅತ್ತಿತು. ಬದುಕಿಕೊಂಡಿತು.

ಬೇರೆ ಯಾರೇ ಆಗಿದ್ದರೂ ಜನ ಬೈದು ಸುಮ್ಮನಾಗುತ್ತಿದ್ದರು. ಆದರೆ ಅವಳು ಮೀನಕ್ಕ. ನೀರಿಗಿಳಿದರೆ ಮೀನೇ ಸರಿ ಎಂದು ಮಕ್ಕಳಿಟ್ಟ ಹೆಸರು. ಸ್ವಂತ ಹೆಸರು ಆ ಕೊಳದಲ್ಲಿ ಯಾರಿಗೂ ನೆನಪಿರಲಿಲ್ಲ. ಆ ಊರಿನಲ್ಲಿ ಈಜು ಬಲ್ಲವರಲ್ಲಿ ಅರ್ಧದಷ್ಟು ಮಂದಿ ಅವಳ ಅಂಗೈ ಮೇಲೆ ಬೆನ್ನಿಟ್ಟು ತೇಲುವುದನ್ನು ಕಲಿತವರು. ಅಂಥವಳು ಕಲ್ಲಿನ ಹಾಗೆ ನಿಂತಿದ್ದಳು ಎಂದರೆ ನಂಬುವುದು ಹೇಗೆ?

ಗಂಡನಿಗೆ ಫೋನು ಬಂದಾಗ ಅವನು ಅಂಗಡಿಯಲ್ಲಿ ಮುದುಕರೊಬ್ಬರ ಮೂಗಿನ ಮೇಲೆ ಹೊಸ ಕನ್ನಡಕ ಕೂರಿಸುತ್ತಿದ್ದ. ಕಣ್ಣು ಪರೀಕ್ಷಿಸಿ ಕನ್ನಡಕ ಮಾಡಿಕೊಡುವುದು ಅವನ ಕಸುಬು. "ನಿಮ್ಮ ಹೆಂಡ್ತಿಗೆ ಹುಷಾರಿಲ್ಲ, ಸ್ವಲ್ಪ ಬೇಗ ಬನ್ನಿ," ಎಂದಷ್ಟೇ ಹೇಳಿದ್ದರು. ಮುದುಕರನ್ನು ಒಂದು ಕಿವಿಗೆ ಮಾತ್ರ ಕನ್ನಡಕ ಸಿಕ್ಕಿಸಿಕೊಂಡ ಹಾಗೇ ಬಿಟ್ಟು ಓಡಿದ.

ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಅವಳು ಕೂತಿದ್ದಳು. ಕೋಣೆ ಮಬ್ಬಾಗಿತ್ತು, ಇದ್ದ ದೀಪಗಳಲ್ಲಿ ಒಂದು ಕೆಟ್ಟಿತ್ತು. ಅವನು ಎದುರಿಗೆ ಮೊಣಕಾಲೂರಿ ಕೂತ.

"ಏನಾಯ್ತು?"

"ಗೊತ್ತಿಲ್ಲರೀ. ನೋಡ್ತಾನೇ ಇದ್ದೆ. ನೀರಾಟ ಆಡ್ತಿದ್ದಾಳೆ ಅನ್ನಿಸ್ತು. ಎಲ್ಲಾ ಎಲ್ಲೋ ದೂರದಲ್ಲಿ ಆಗ್ತಿರೋ ಹಾಗಿತ್ತು."

ಅವನು ಅವಳ ಕಣ್ಣು ನೋಡುತ್ತಿದ್ದ. ಮಬ್ಬಿನಲ್ಲಿ ಯಾರ ಕಣ್ಣಪಾಪೆಯಾದರೂ ಅಗಲವಾಗಿ ತೆರೆದುಕೊಳ್ಳುತ್ತದೆ. ಬೆಳಕು ಸಾಲದೆ ಕಣ್ಣು ತನ್ನ ಬಾಗಿಲನ್ನು ದೊಡ್ಡದು ಮಾಡಿಕೊಳ್ಳುತ್ತದೆ. ಅವಳ ಪಾಪೆಗಳು ಸೂಜಿಯಿಂದ ಚುಚ್ಚಿದ ತೂತಿನಷ್ಟೇ ಇದ್ದವು. ಅಫೀಮಿನ ಜಾತಿಯ ನೋವಿನ ಮಾತ್ರೆ ಕಣ್ಣನ್ನು ಹಾಗೆ ಮಾಡುತ್ತದೆಂದು ಅವನಿಗೆ ಓದಿ ಗೊತ್ತಿತ್ತು. ದಿನವಿಡೀ ಊರವರ ಕಣ್ಣಿಗೆ ಬೆಳಕು ಬಿಟ್ಟು ನೋಡುವ ತಾನು ಹೆಂಡತಿಯ ಕಣ್ಣನ್ನು ಹೀಗೆ ನೋಡಿ ಎಷ್ಟು ಕಾಲವಾಯಿತು ಎಂದು ಆಗ ಹೊಳೆಯಿತು.

"ಏನಾದ್ರೂ ತಗೊಂಡಿದ್ದೀಯಾ?"

"ತಲೆನೋವಿಗೆ ಒಂದು ಮಾತ್ರೆ. ಅಷ್ಟೇ."

ಎರಡು ವರ್ಷದ ಹಿಂದೆ ಅವಳ ಹೆಗಲಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಆಗ ಕೆಲವು ವಾರ ಬಲವಾದ ನೋವಿನ ಮಾತ್ರೆ ಕೊಟ್ಟಿದ್ದರು, ಆಮೇಲೆ ನಿಲ್ಲಿಸಿದ್ದರು. ಅದು ಅಲ್ಲಿಗೆ ಮುಗಿಯಿತೆಂದು ಅವನು ತಿಳಿದಿದ್ದ. ಈಗ ಆ ಜಾತಿಯ ಮಾತ್ರೆ ಮನೆಯಲ್ಲಿ ಇದ್ದದ್ದು ಒಬ್ಬರಿಗೆ ಮಾತ್ರ, ಅವನ ಅಮ್ಮನಿಗೆ. ಬೆನ್ನುಮೂಳೆ ಸವೆದು ಅಮ್ಮ ಹಾಸಿಗೆ ಹಿಡಿದಿದ್ದರು. ಈಚೆಗಂತೂ ನೋವು ವಿಪರೀತವಾಗಿ, ಡಾಕ್ಟರು ಮಾತ್ರೆ ಹೆಚ್ಚಿಸಿದ್ದರೂ ಉಪಯೋಗವಾಗಿರಲಿಲ್ಲ.

ಮನೆಗೆ ಬಂದವನು ಅಮ್ಮನ ಡಬ್ಬಿಯಿಂದ ಒಂದು ಮಾತ್ರೆ ತೆಗೆದು ಜೇಬಿಗೆ ಹಾಕಿಕೊಂಡ. ಅಂಗಡಿಗೆ ಹೋಗಿ ಭೂತಗನ್ನಡಿಯ ಕೆಳಗಿಟ್ಟ. ಮಾತ್ರೆಯ ಮೇಲೆ ಒತ್ತಿದ ಅಕ್ಷರವಿರಬೇಕಿತ್ತು. ಇರಲಿಲ್ಲ. ಪಕ್ಕದ ಔಷಧಿ ಅಂಗಡಿಯವರು ಅದನ್ನು ಬೆರಳ ಸಂದಿಯಲ್ಲಿ ಹಿಡಿದು ಒಮ್ಮೆ ನೋಡಿ ವಾಪಸು ಕೊಟ್ಟರು.

"ಕ್ಯಾಲ್ಸಿಯಂ ಕಣಯ್ಯಾ. ಯಾರಿಗೆ?"

"ಅಮ್ಮನಿಗೆ."

"ಕೊಡು, ತೊಂದ್ರೆ ಏನಿಲ್ಲ. ನೋವಿಗೆ ಮಾತ್ರ ಇದು ಯಾತಕ್ಕೂ ಬರಲ್ಲ. ಸುಣ್ಣ ತಿಂದ ಹಾಗೆ."

ಅವನು ಬೀದಿಗಿಳಿದು ಗೋಡೆಗೆ ಕೈ ಕೊಟ್ಟು ನಿಂತ. ಅಮ್ಮ ಹೊದಿಕೆಯ ಅಂಚನ್ನು ಹಲ್ಲಲ್ಲಿ ಕಚ್ಚಿ ಹಿಡಿಯುತ್ತಿದ್ದದ್ದು ಕಣ್ಣೆದುರಿಗೆ ಬಂತು. ಪಕ್ಕದಲ್ಲಿ ಕೂತು ಬೆನ್ನು ನೀವುತ್ತಿದ್ದವಳೂ ಕಂಡಳು. ಹೊತ್ತು ಹೊತ್ತಿಗೆ ಮಾತ್ರೆ ಕೊಟ್ಟು, ನೀರು ಕುಡಿಸಿ, ಬಾಯಿ ಒರೆಸಿ, "ಈಗ ಕಡಿಮೆ ಆಗುತ್ತೆ ಅತ್ತೆ," ಎನ್ನುತ್ತಿದ್ದವಳು. ಅದೇ ಕೈ.

ಮೊದಲು ಅವಳು ಒಪ್ಪಲೇ ಇಲ್ಲ. "ನನ್ನ ಮೇಲೆ ಇಂಥಾ ಮಾತು ಹೇಗಾದ್ರೂ ಬಂತು ನಿಮ್ಮ ಬಾಯಲ್ಲಿ?" ಎಂದು ಜೋರು ಮಾಡಿದಳು. ಮಗುವಿನ ವಿಷಯದಲ್ಲಿ ಎಲ್ಲರೂ ಸೇರಿ ತನ್ನ ತಲೆ ತಿನ್ನುತ್ತಿದ್ದಾರೆ ಎಂದಳು. ಅವನು ಆ ಮಾತ್ರೆಯನ್ನು ಮೇಜಿನ ಮೇಲಿಟ್ಟ. ಅವಳು ಅದನ್ನು ನೋಡಿದಳು. ಸಿಟ್ಟು ಎಲ್ಲಿಂದ ಬಂದಿತ್ತೋ ಅಲ್ಲಿಗೇ ಇಳಿದುಹೋಯಿತು. ಎದ್ದು ಒಳಗೆ ಹೋಗಿ ಒಂದೊಂದನ್ನೇ ತಂದು ಹಾಕಿದಳು: ಖಾಲಿ ಶಾಂಪೂ ಬಾಟಲಿ, ಹಳೆಯ ಬೂಟಿನ ತುದಿಯಲ್ಲಿ ತುರುಕಿದ್ದ ಕಾಲುಚೀಲ, ಈಜುವಾಗ ಹಾಕುವ ರಬ್ಬರ್ ಟೋಪಿ, ಕೊನೆಗೆ ಅವನ ಅಂಗಡಿಯದೇ ಒಂದು ಕನ್ನಡಕದ ಡಬ್ಬಿ. ಎಲ್ಲದರಲ್ಲೂ ಮಾತ್ರೆ. ವಾರವಾರ ಮನೆ ಗುಡಿಸಿ ಒರೆಸುವವನು ಅವನೇ. ಒಂದು ಕ್ಷಣ ನಗು ಬಂತು, ಆ ನಗುವಿಗೇ ಹೆದರಿದ.

"ಮೊದಲು ನೋವು ಹೋಗ್ಲಿ ಅಂತ ತಗೊಂಡೆ," ಎಂದಳು. "ಆಮೇಲೆ ನೋವು ಹೋಯ್ತು. ಬಿಟ್ರೆ ಮೈಯೆಲ್ಲಾ ಹಿಂಡೋದು, ಅದಕ್ಕೆ ತಗೊಂಡೆ. ಖುಷಿಗೆ ಅಂದ್ಕೋಬೇಡಿ. ಖುಷಿ ಯಾವತ್ತೋ ಹೋಯ್ತು. ಅತ್ತೆ ಡಬ್ಬಿಗೆ ಕೈ ಹಾಕಿದ ದಿನ ಈ ಕೈ ಕತ್ತರಿಸಿ ಹೋಗಬಾರದಾ ಅನ್ನಿಸ್ತು. ಮಾರನೇ ದಿನ ಮತ್ತೆ ಹಾಕಿದೆ."

"ಹೇಳ್ಬಾರದಿತ್ತಾ?"

"ಏನಂತ ಹೇಳ್ಲಿ?"

ಅವನು ಅಮ್ಮನಿಗೆ ಏನೂ ಹೇಳದೆ ಸರಿಯಾದ ಮಾತ್ರೆ ತಂದು, ಡಬ್ಬಿಯನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟ. ಅವಳು ತಂದು ಹಾಕಿದ್ದನ್ನೆಲ್ಲ ಪಾಯಿಖಾನೆಗೆ ಸುರಿದರು. "ಇವತ್ತಿಂದ ಮುಟ್ಟಲ್ಲ," ಎಂದಳು ಅವಳು. ಮನಸ್ಸಿನಿಂದಲೇ ಹೇಳಿದ್ದಳು. ಮೈ ಕೇಳಬೇಕಲ್ಲ. ಮರುದಿನಕ್ಕೆ ಬೆವರು, ಆಕಳಿಕೆ, ಪುಕ್ಕ ಕಿತ್ತ ಕೋಳಿಯ ಹಾಗೆ ಗುಳ್ಳೆಯೆದ್ದ ಚರ್ಮ. ಆಮೇಲೆ ವಾಂತಿ, ಭೇದಿ. ಕಾಲುಗಳು ತಮ್ಮಷ್ಟಕ್ಕೆ ತಾವೇ ಹಾಸಿಗೆಯನ್ನು ಒದೆಯುತ್ತಿದ್ದವು. ಪೆಟ್ಟಿಗೆಯ ಬೀಗದ ಕೈಗಾಗಿ ಅವಳು ಗಂಡನ ಜೇಬಿಗೆ ಕೈ ಹಾಕಿದಳು. ಅವನು ಹಿಡಿದುಕೊಂಡಾಗ ಅವನ ಮುಂಗೈಯನ್ನು ಕಚ್ಚಿದಳು. ಆಮೇಲೆ ಹಲ್ಲಿನ ಗುರುತನ್ನು ತಾನೇ ಕಣ್ಣರಳಿಸಿ ನೋಡಿದಳು, ಬೇರೆ ಯಾರೋ ಕಚ್ಚಿದ್ದಾರೇನೋ ಎಂಬಂತೆ.

ಮನೆಯ ಡಾಕ್ಟರು ಬಂದು ನೋಡಿ ಬಾಗಿಲ ಹೊರಗೆ ಕರೆದರು. "ಮನೇಲೇ ಬಿಡಿಸ್ತೀವಿ ಅನ್ನೋ ಹಟ ಬೇಡ. ಒಳಗಿಟ್ಟುಕೊಂಡು ಚಿಕಿತ್ಸೆ ಮಾಡೋ ಜಾಗ ಇದೆ. ಡಾಕ್ಟರು, ನರ್ಸು ಎಲ್ಲಾ ಇರ್ತಾರೆ. ಕರ್ಕೊಂಡು ಹೋಗಿ."

"ಅಲ್ಲಿಗಾ? ಡಾಕ್ಟ್ರೇ, ಅವಳು ಆ ಥರದವಳಲ್ಲ."

"ಯಾವ ಥರ?"

ಕೊನೆಗೆ ಅವಳೇ ಬರುತ್ತೇನೆ ಎಂದಾಗ ಅವನು ಕಾರು ತೆಗೆದ.

ಆ ಜಾಗ ಅವನು ಅಂದುಕೊಂಡ ಹಾಗಿರಲಿಲ್ಲ. ಕಂಬಿಯಿಲ್ಲ, ಕೂಗಾಟವಿಲ್ಲ. ಉದ್ದನೆಯ ಎರಡಂತಸ್ತಿನ ಕಟ್ಟಡ, ಹಿಂದೆ ತರಕಾರಿ ಮಡಿ, ಒಣಗಲು ಹಾಕಿದ ಬಿಳಿ ಹೊದಿಕೆಗಳು. ಮೆಟ್ಟಿಲ ಮೇಲೆ ಒಬ್ಬ ನಿವೃತ್ತ ಜಡ್ಜು ಮತ್ತು ಒಬ್ಬ ಲಾರಿ ಡ್ರೈವರು ಕೂತು ಬೀನ್ಸ್ ಬಿಡಿಸುತ್ತಾ, ಚಟ ಮುಚ್ಚಿಡಲು ತಮ್ಮಲ್ಲಿ ಯಾರು ಜಾಸ್ತಿ ಸುಳ್ಳು ಹೇಳಿದ್ದರೆಂದು ಪೈಪೋಟಿ ನಡೆಸಿದ್ದರು. ಅವಳು ಕೇಳಿಸಿಕೊಂಡು ಒಮ್ಮೆ ನಕ್ಕಳು. ಚೀಲ ಪರೀಕ್ಷಿಸುವ ನರ್ಸು ಟವೆಲ್ಲಿನ ಮಡಿಕೆಯ ಹೊಲಿಗೆಯನ್ನು ಬೆರಳಿನಿಂದ ತಡವಿ, ಕತ್ತರಿ ತಂದು ಬಿಚ್ಚಿದಾಗ ಒಳಗಿನಿಂದ ಮಾತ್ರೆಗಳು ಉದುರಿದವು.

ಗಂಡ ಬಗ್ಗಿ ಒಂದು ಮಾತ್ರೆ ಎತ್ತಿಕೊಂಡ. "ನೀನೇ ತಾನೇ ಬರ್ತೀನಿ ಅಂದಿದ್ದು? ದಾರಿಯೆಲ್ಲಾ ಇನ್ನೂ ಬೇಗ ಓಡಿಸಿ ಅಂತಿದ್ದೆ!"

"ಹೌದು," ಎಂದಳು. "ಬರಬೇಕು ಅಂತಾನೂ ಇತ್ತು. ಇದೂ ಇರ್ಲಿ ಅಂತಾನೂ ಇತ್ತು."

"ಬಹಳ ಜನ ತರ್ತಾರೆ," ಎಂದು ನರ್ಸು ಮಾತ್ರೆಗಳನ್ನು ಗುಡಿಸಿ ತೆಗೆದುಕೊಂಡಳು. "ಕೊಟ್ಟುಬಿಟ್ರಲ್ಲ, ಬನ್ನಿ ಒಳಗೆ."

ಆಪ್ತಸಮಾಲೋಚಕಿ ಎಂಬ ದೊಡ್ಡ ಹೆಸರಿನ ಫಲಕದ ಹಿಂದೆ ಕೂತಿದ್ದವರು ಗಿಡ್ಡಗೂದಲಿನ ನಡುವಯಸ್ಸಿನ ಹೆಂಗಸು. ಅವನು ಬಹಳ ದಿನದಿಂದ ಎದೆಯಲ್ಲಿ ಸಿಕ್ಕಿಕೊಂಡಿದ್ದ ಪ್ರಶ್ನೆ ಕೇಳಿದ. "ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಬಿಡೋಕಾಗಲ್ವಾ ಮೇಡಂ?"

"ನೀವು ಮನಸ್ಸು ಗಟ್ಟಿ ಮಾಡ್ಕೊಂಡು ಬಾಯಾರಿಕೆ ಎಷ್ಟು ಹೊತ್ತು ತಡೀತೀರಿ? ಅವರ ಮೆದುಳು ಆ ಮಾತ್ರೆನೇ ನೀರು ಅಂತ ಕಲಿತುಬಿಟ್ಟಿದೆ. ಅದಿಲ್ಲದೆ ಸತ್ತೇ ಹೋಗ್ತೀನಿ ಅಂತ ಕಿರುಚ್ತಾ ಇರುತ್ತೆ. ಕಲಿತದ್ದು ಬಿಡೋಕೆ ಕಾಲ ಬೇಕು, ಔಷಧಿ ಬೇಕು, ಸುತ್ತ ಜನ ಬೇಕು."

"ಹಾಗಾದ್ರೆ ಅವಳ ತಪ್ಪೇನೂ ಇಲ್ವಾ?" ಅವನ ದನಿ ಏರಿತು. "ನಮ್ಮಮ್ಮ ಹೊದಿಕೆ ಕಚ್ಚಿಕೊಂಡು ಮಲಗ್ತಿದ್ರು!"

"ಕಾಯಿಲೆ ಬಂದಿದ್ದು ಅವರ ತಪ್ಪಲ್ಲ. ವಾಸಿ ಮಾಡ್ಕೊಳ್ಳೋದು ಅವರ ಜವಾಬ್ದಾರಿ. ನಿಮ್ಮಮ್ಮನಿಗೆ ಮಾಡಿದ್ದನ್ನ ನಾನಾಗ್ಲಿ ನೀವಾಗ್ಲಿ ಕ್ಷಮಿಸೋಕೆ ಬರಲ್ಲ. ನಿಮ್ಮ ಹೆಂಡ್ತಿನೇ ಅವರ ಹತ್ರ ಹೇಳ್ಕೋಬೇಕು."

ಮೈಯೊಳಗಿನ ವಿಷ ಇಳಿಯುವವರೆಗೆ ಭೇಟಿಗೆ ಬಿಡಲಿಲ್ಲ. ಆಮೇಲೆ ಭಾನುವಾರಗಳಲ್ಲಿ ಬಿಟ್ಟರು. ಮೊದಲ ಸಲ ಅವಳು ಗೋಡೆಯ ಕಡೆ ತಿರುಗಿ ಕೂತಿದ್ದಳು. ಎರಡನೇ ಸಲ ಮನೆಗೆ ಕರೆದುಕೊಂಡು ಹೋಗಿ ಎಂದು ಕಾಲು ಹಿಡಿದಳು. ಅವನು ಕಾರಿನಲ್ಲಿ ಕೂತು ಅತ್ತು ಒಬ್ಬನೇ ವಾಪಸಾದ. ಆಮೇಲಾಮೇಲೆ ಮುಖಕ್ಕೆ ಬಣ್ಣ ಬಂತು. ತರಕಾರಿ ಮಡಿಗೆ ನೀರು ಹಾಕುವ ಪಾಳಿ ತನ್ನದೆಂದು ತೋರಿಸಿದಳು. ಮನೆಯವರೆಲ್ಲ ಬಂದು ಸಮಾಲೋಚಕಿಯ ಮುಂದೆ ಕೂತು ಮಾತಾಡುವ ದಿನ ಗೊತ್ತಾದಾಗ ಅಮ್ಮ ತಾವೂ ಬರುತ್ತೇನೆಂದು ಹಟ ಹಿಡಿದರು. ಸೊಸೆಗೆ ಹೆಗಲಿನ ಚಿಕಿತ್ಸೆ ಎಂದಷ್ಟೇ ಅವನು ಅಮ್ಮನಿಗೆ ಹೇಳಿದ್ದ.

ಗಾಲಿಕುರ್ಚಿಯಲ್ಲಿ ಅತ್ತೆಯನ್ನು ಕಂಡೊಡನೆ ಅವಳ ಮುಖ ಬಿಳಿಚಿಕೊಂಡಿತು. ಆದರೂ ನಿಂತೇ ಹೇಳಿದಳು. ಡಬ್ಬಿಯಿಂದ ಮಾತ್ರೆ ಕದ್ದದ್ದು, ಅದೇ ಅಳತೆಯ ಬೇರೆ ಮಾತ್ರೆ ತುಂಬಿದ್ದು, ಅತ್ತೆ ನರಳುವಾಗ ಪಕ್ಕದಲ್ಲೇ ಕೂತು ನೋಡಿದ್ದು. ಒಂದು ಮಾತನ್ನೂ ನುಂಗಲಿಲ್ಲ.

ಅಮ್ಮ ಮಡಿಲಲ್ಲಿದ್ದ ಕರವಸ್ತ್ರವನ್ನು ಮಡಿಸಿದರು, ಬಿಡಿಸಿದರು.

"ಗೊತ್ತಿತ್ತು ಕಣೇ," ಎಂದರು.

ಸೊಸೆ ತಟ್ಟನೆ ತಲೆಯೆತ್ತಿದಳು.

"ಬಾಯಲ್ಲಿಟ್ಟ ತಕ್ಷಣ ಗೊತ್ತಾಯ್ತು. ಹಳೇದು ಕಹಿ, ಇದು ಸೀಮೆಸುಣ್ಣ. ನಿನ್ನ ಹೆಗಲು ವಾಸಿಯಾಗಿಲ್ಲ, ಹೇಳ್ಕೊಳ್ಳೋಕೆ ಸಂಕೋಚ ಅಂದ್ಕೊಂಡೆ. ನಾನು ಹೇಗಿದ್ರೂ ಮಲಗಿರೋಳು. ನೀನು ನೀರಿಗಿಳಿದು ದುಡಿಯೋಳು. ನಿನಗೇ ಇರ್ಲಿ ಅಂತ ಬಾಯಿ ಮುಚ್ಕೊಂಡೆ."

"ಅಮ್ಮಾ!" ಮಗ ಕುರ್ಚಿಯಿಂದ ಎದ್ದೇಬಿಟ್ಟ. ಅಷ್ಟೂ ತಿಂಗಳು, ಗೊತ್ತಿದ್ದೂ, ಹಲ್ಲು ಕಚ್ಚಿಕೊಂಡು! ಸೊಸೆ ನೆಲದ ಮೇಲೆ ಕುಸಿದು ಕೂತಿದ್ದಳು. ಅಲ್ಲಿಗೆ ಬಂದ ಮೇಲೆ ಅವಳು ನೋವಿಗೆ ಅತ್ತಿದ್ದಳು, ಸಿಟ್ಟಿಗೆ ಅತ್ತಿದ್ದಳು. ಈ ಅಳು ಬೇರೆ ಥರದ್ದು, ದನಿಯೇ ಇರಲಿಲ್ಲ.

ಸಮಾಲೋಚಕಿ ಅಮ್ಮನನ್ನು ಹೊಗಳುತ್ತಾರೆಂದು ಅವನು ಅಂದುಕೊಂಡಿದ್ದ. ಅವರು ಹೊಗಳಲಿಲ್ಲ. "ಅಮ್ಮಾ, ನೀವು ಪ್ರೀತಿಯಿಂದಲೇ ಮಾಡಿದ್ರಿ. ಆದ್ರೆ ನೀವು ಸುಮ್ಮನಿದ್ದಷ್ಟು ದಿನವೂ ಇವರಿಗೆ ಮಾತ್ರೆ ಸಿಗ್ತಾ ಇತ್ತು."

"ಅಂದ್ರೆ ನಾನೂ ಸೇರಿ ಇವಳನ್ನ ಕೊಲ್ತಿದ್ದೆ ಅಂತೀಯಾ?" ಅಮ್ಮ ಕೆರಳಿದರು.

"ಇನ್ನು ಮುಂದೆ ಗೊತ್ತಾದ್ರೆ ಕೂಗಿ ಹೇಳಿ ಅಂತೀನಿ."

ಅಮ್ಮ ಆ ಹೆಂಗಸನ್ನೇ ದುರುಗುಟ್ಟಿ ನೋಡಿದರು. ಆಮೇಲೆ ಸೊಸೆಯ ಕಡೆ ತಿರುಗಿ, "ಏಳು ಮೇಲೆ, ನೆಲ ತಣ್ಣಗಿದೆ," ಎಂದರು. ಕ್ಷಮಿಸಿದೆ ಎಂದು ಆ ದಿನ ಹೇಳಲಿಲ್ಲ. ಆಮೇಲೂ ಹೇಳಲಿಲ್ಲ. ಅವಳ ಕೈಯಲ್ಲಿ ಬೆನ್ನು ನೀವಿಸಿಕೊಳ್ಳಲು ಒಪ್ಪಿದ್ದು ಅವಳು ಮನೆಗೆ ಬಂದು ಎಷ್ಟೋ ವಾರಗಳಾದ ಮೇಲೆ.

ಮನೆಗೆ ಬಂದವಳು ಮೊದಲು ಹೋದದ್ದು ಅಂದು ಮುಳುಗಿದ್ದ ಹುಡುಗಿಯ ಮನೆಗೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮಗುವಿನ ತಾಯಿ ಕೊನೆಯವರೆಗೆ ಕೇಳಿ, ಎದ್ದು ಬಾಗಿಲು ತೆರೆದು ನಿಂತರು. ಅವಳು ಹೊರಗೆ ಬಂದಳು. ಕೊಳದವರು ಮಕ್ಕಳನ್ನು ಮತ್ತೆ ಕೈಗೆ ಕೊಡಲಿಲ್ಲ, ಅವಳೂ ಕೇಳಲಿಲ್ಲ. ಈಗ ಮಂಡಿನೋವಿನ ದೊಡ್ಡವರಿಗೆ ಎದೆಮಟ್ಟದ ನೀರಿನಲ್ಲಿ ನಡಿಗೆ ಕಲಿಸುತ್ತಾಳೆ, ದಡದಲ್ಲಿ ಇನ್ನೊಬ್ಬ ಕೋಚ್ ಇರುತ್ತಾನೆ. ನಡುವೆ ಒಮ್ಮೆ, ಹಲ್ಲು ಕೀಳಿಸಿದ ನೆಪದಲ್ಲಿ ಕಾಲು ಜಾರಿತು. ಅವತ್ತು ಅವಳೇ ಗಂಡನನ್ನು ಎಬ್ಬಿಸಿ, "ತಗೊಂಡುಬಿಟ್ಟೆ, ಅಲ್ಲಿಗೆ ಬಿಡಿ ನನ್ನನ್ನ," ಎಂದಳು. ಒಂದಷ್ಟು ದಿನ ಇದ್ದು ಬಂದಳು.

ಸಂಜೆ ಅಮ್ಮನಿಗೆ ಮಾತ್ರೆ ಕೊಡುವ ಹೊತ್ತಿಗೆ ಅವಳು ಮನೆಯಲ್ಲಿರುವುದಿಲ್ಲ. ಗಂಡ ಪೆಟ್ಟಿಗೆಯ ಬೀಗ ತೆಗೆಯುವ ಮುಂಚೆ ಹೊರಗೆ ಹೋಗಿ, ಬೀದಿಯ ತುದಿಯವರೆಗೆ ನಡೆದು ಬರುತ್ತಾಳೆ. ಎದುರುಮನೆಯ ಹೆಡ್‌ಮಾಸ್ಟರು ಒಮ್ಮೆ ಗೇಟಿನ ಬಳಿ ತಡೆದು ನಿಲ್ಲಿಸಿದರು. ಇಸ್ತ್ರಿ ಮುದುರದ ಅಂಗಿ, ಮಾತಿಗೊಮ್ಮೆ ಶಿಸ್ತು ಶಿಸ್ತು ಎನ್ನುವ ಮನುಷ್ಯ.

"ಏನಮ್ಮಾ, ದಿನಾ ಇದೇ ಹೊತ್ತಿಗೆ ವಾಕಿಂಗು? ಆರೋಗ್ಯಕ್ಕಾ?"

"ಇಲ್ಲ ಸಾರ್. ಮನೇಲಿ ನೋವಿನ ಮಾತ್ರೆ ಡಬ್ಬಿ ತೆಗೀತಾರೆ. ನಾನು ಹತ್ರ ಇರಬಾರದು. ಅದರ ಚಟಕ್ಕೆ ಬಿದ್ದಿದ್ದೆ, ಆಸ್ಪತ್ರೇಲಿ ಇದ್ದು ಬಂದೆ."

ಹೆಡ್‌ಮಾಸ್ಟರ ಮುಖದ ನಗು ಹಾಗೇ ನಿಂತುಬಿಟ್ಟಿತು. ಒಳ್ಳೇದು, ಎಂದು ಏನೋ ಗೊಣಗಿ ಗೇಟು ಹಾಕಿಕೊಂಡರು. ಅವಳು ಮುಂದೆ ನಡೆದಳು. ವಾಪಸು ಬರುವಾಗ ಅವರು ಇನ್ನೂ ಅಲ್ಲೇ, ಗೇಟಿನ ಒಳಗೆ ನಿಂತಿದ್ದರು. ಎರಡೂ ಕೈಯಲ್ಲಿ ಕಂಬಿ ಹಿಡಿದಿದ್ದರು. ಹತ್ತಿರ ಹೋದಾಗ ಬಾಯಿಂದ ಏಲಕ್ಕಿಯ ವಾಸನೆ, ಅದರ ಹಿಂದೆ ಸಾರಾಯಿಯ ವಾಸನೆ.

"ಅಲ್ಲಿ... ವಯಸ್ಸಾದವರನ್ನೂ ತಗೋತಾರಾ?" ಎಂದರು, ಬೀದಿಯ ಆಚೀಚೆ ನೋಡಿ.

ಅವಳು ಗೇಟಿನ ಚಿಲಕ ತೆಗೆದು, "ಬನ್ನಿ ಸಾರ್," ಎಂದಳು. "ನಮ್ಮನೇಲಿ ಕೂತು ಫೋನು ಮಾಡೋಣ."