ಜೇನು ಮೆತ್ತಿದ ಸಿಂಹ

ರೋಮಿನಲ್ಲಿ ಅಪ್ಪ ಬಿಟ್ಟುಹೋದ ಮನೆಯ ನೆಲಮಾಳಿಗೆಯನ್ನು ಓರ್ನೆಲ್ಲಾಳ ತಮ್ಮ ಒತ್ತಾವಿಯೊ ‘ಮಿತ್ರ’ನೆಂಬ ಪ್ರಾಚೀನ ರೋಮನ್ ದೇವರ ಗುಹೆ ಮಾಡಿಕೊಂಡಿದ್ದ. ಎರಡು ಸಾವಿರ ವರ್ಷದ ಹಿಂದಿನ ಗುಪ್ತ ಪಂಥವನ್ನು ಮತ್ತೆ ಎಬ್ಬಿಸುತ್ತೇವೆಂದು ಮಾಡಲು ಬೇರೆ ಕೆಲಸವಿಲ್ಲದ ಐದು ಮಂದಿ ಗಂಡಸರು ಪ್ರತಿ ಭಾನುವಾರ ಮಧ್ಯಾಹ್ನ ಬಂದು ವಕ್ಕರಿಸುತ್ತಿದ್ದರು. ಒತ್ತಾವಿಯೊ ಅವರಿಗೆಲ್ಲ ‘ಪಿತ’. ಹೆಂಗಸರಿಗೆ ಒಳಗೆ ಪ್ರವೇಶವಿಲ್ಲ. ವೈನ್ ಚೆಲ್ಲಿಕೊಂಡ ಅವರ ನಿಲುವಂಗಿ ಒಗೆಯುವುದಕ್ಕೆ ಮಾತ್ರ ಓರ್ನೆಲ್ಲಾ ಬೇಕು.

ಅಂದು ಅವರಲ್ಲೊಬ್ಬನಾದ ಔಷಧಿ ಅಂಗಡಿಯ ಫೌಸ್ತೊಗೆ ಪಂಥದ ‘ಸಿಂಹ’ ಪದವಿ ಕೊಡುವ ಶಾಸ್ತ್ರ. ಸಿಂಹವೆಂದರೆ ಬೆಂಕಿ, ನೀರು ಅದರ ವೈರಿ. ಅದಕ್ಕೇ ಕೈತೊಳೆಯಲು ನೀರಿನ ಬದಲು ಜೇನು ಸುರಿಯುವುದು ಪದ್ಧತಿ. ಒಳಗೆ ಹನಿ ನೀರೂ ಇರಕೂಡದೆಂದು ಒತ್ತಾವಿಯೊ ಕುಡಿಯುವ ನೀರಿನ ಹೂಜಿಯನ್ನೂ ಅಕ್ಕನ ಕೈಗೆ ತುರುಕಿ ಆಚೆಗಟ್ಟಿದ್ದ.

ಜೇನು ಮೆತ್ತಿದ ಫೌಸ್ತೊನ ಕೈಯಿಂದ ಉರಿಯುವ ಪಂಜು ಜಾರಿತು. ಪರದೆ ಧಗ್ಗನೆ ಹೊತ್ತಿಕೊಂಡಿತು.

ಕಿರುಚಾಟ ಕೇಳಿ ಓರ್ನೆಲ್ಲಾ ಎರಡು ಬಕೆಟ್ ನೀರು ತಂದು ಹೊಸ್ತಿಲಲ್ಲೇ ನಿಂತಳು.

“ಅಕ್ಕಾ, ಬೇಗ ಒಳಗೆ ಬಾರೇ!” ಎಂದು ಒತ್ತಾವಿಯೊ ಕೂಗಿದ.

“ನಾನು ಹೆಂಗಸು ಕಣೋ. ನಿನ್ನ ದೇವ್ರಿಗೆ ಆಗ್ಬರುತ್ತಾ?”

“ದೇವ್ರು ಹಾಳಾಗ್ಹೋಗ್ಲಿ, ನೀರು ಹಾಕೇ!”

“ಕೇಳಿಸ್ಕೊಂಡ್ರೇನ್ರಪ್ಪಾ, ನಿಮ್ಮ ಪಿತ ಏನಂದ ಅಂತ?”

ಐವರೂ ಕೆಮ್ಮುತ್ತಲೇ ತಲೆಯಾಡಿಸಿದರು.

ಮೊದಲ ಬಕೆಟ್ಟಿಗೆ ಪರದೆಯ ಬೆಂಕಿ ಆರಿತು. ಎರಡನೆಯದನ್ನು ಅವಳು ಬೆಂಕಿಯೇ ಇಲ್ಲದ ಕಡೆ, ನಿಲುವಂಗಿ ತೊಟ್ಟ ತಮ್ಮನ ನೆತ್ತಿಯ ಮೇಲೆ ನಿಧಾನವಾಗಿ ಸುರಿದಳು.

“ನೆನೆಹಾಕಿದೀನಿ. ಇನ್ಮೇಲೆ ನೀನೇ ಒಗ್ಕೋ.”