ಮೂರನೆಯ ಹಾಡಿನ ನಂತರ ಸನ್ಮಾನ

"ಹಾರ ಎಲ್ಲೂ ಓಡಿಹೋಗಿಲ್ಲ ಅಣ್ಣ. ಇದು ನಾಲ್ಕನೇ ಸಲ ನೋಡ್ತಿರೋದು ನೀವು," ಅಂದ ಕನ್ನಡ ಬಳಗದ ಹಮೀದ್.

"ನೋಡಿದ್ರ ಏನ್ ಹೋಗ್ತೈತಿ? ಆಮ್ಯಾಲೆ ಸ್ಟೇಜ್ ಮ್ಯಾಲ ನಿಂತು ಹುಡುಕೂದು ಬ್ಯಾಡ," ಎನ್ನುತ್ತ ಉಳವಪ್ಪ ಜರಿಯಂಚಿನ ಶಾಲನ್ನು ಮತ್ತೆ ಮೊದಲಿನ ಮಡಿಕೆಗೆ ತಂದ. ಗಂಧದ ಹಾರ ಅದರ ಕೆಳಗೇ ಇತ್ತು. ದೊಡ್ಡ ತಟ್ಟೆಯ ನಡುವೆ ಹಣ್ಣಿನ ಬುಟ್ಟಿ, ಅದಕ್ಕೆ ಸುತ್ತಿದ ಪ್ಲಾಸ್ಟಿಕ್ ಹಾಳೆ, ಕೆಂಪು ರಿಬ್ಬನ್ನು, ಎಲ್ಲ ಸರಿಯಾಗಿದ್ದವು. ಎಲ್ಲ ಸರಿಯಾಗಿದ್ದಾಗಲೇ ಅವನಿಗೆ ಹೆಚ್ಚು ಭಯವಾಗುತ್ತಿತ್ತು.

ಜರ್ಮನಿಯ ಮ್ಯಾನ್‌ಹೈಮ್‌ನ ಈ ಬಡಾವಣೆಯಲ್ಲಿ ಹಿಂದೆ ಅಮೆರಿಕದ ಸೈನಿಕರು ಇದ್ದರು. ಅವರು ಹೋದ ಮೇಲೆ ಉದ್ದುದ್ದ ಕಟ್ಟಡಗಳಿಗೆ ಬಾಲ್ಕನಿಗಳು ಬಂದವು, ಸೈಕಲ್ ನಿಲ್ಲಿಸಲು ಜಾಗ ಬಂತು, ಸೇಂಟ್ ಲಿಯೋನ್-ರೋಟ್‌ನ ಸಾಫ್ಟ್‌ವೇರ್ ಆಫೀಸಿಗೆ ಓಡಾಡುವ ಉಳವಪ್ಪನಂಥವರು ಬಾಡಿಗೆಗೆ ಬಂದರು. ಇವತ್ತು ಭಾನುವಾರದ ಇಳಿಹೊತ್ತು. ಜಾಝ್ ಕಛೇರಿಗೆಂದು ಹುಲ್ಲಿನ ಮೇಲೆ ಮರದ ವೇದಿಕೆ ಕಟ್ಟಿದ್ದರು. ಹಿಂದೆ 'ನಮ್ಮ ನಗರದ ಉಸಿರು' ಎಂದು ಜರ್ಮನ್ನಿನಲ್ಲಿ ಬರೆದ ಬ್ಯಾನರು. ಅದರ ಕೆಳಗೆ ಹಳೆಯ ಕಪ್ಪು-ಬಿಳುಪು ಫೋಟೋಗಳನ್ನು ದೊಡ್ಡದು ಮಾಡಿ ತೂಗುಹಾಕಿದ್ದರು: ಸಮವಸ್ತ್ರ ಕಳಚಿ ಸೂಟು ತೊಟ್ಟ ಕಪ್ಪು ಹುಡುಗರು, ಕೈಯಲ್ಲಿ ಟ್ರಂಪೆಟ್ಟು, ಸ್ಯಾಕ್ಸೊಫೋನು, ಬೆನ್ನ ಹಿಂದೆ ನೆಲಮಾಳಿಗೆಯ ಇಟ್ಟಿಗೆ ಗೋಡೆ. ಈ ಬಡಾವಣೆಗೆ ಜಾಝ್ ತಂದವರು ಅವರು. ಆ ಫೋಟೋಗಳಲ್ಲಿ ಇದ್ದವರ ಪೈಕಿ ಊರಲ್ಲಿ ಉಳಿದವರು ರೂಫಸ್ ಗೇಡನ್ ಒಬ್ಬರೇ.

ರೂಫಸ್ ಅವರಿಗೆ ಎಂಬತ್ತೊಂದು. ಇಪ್ಪತ್ತರಲ್ಲಿ ಸೈನಿಕನಾಗಿ ಬಂದು, ಇಲ್ಲಿಯವಳನ್ನೇ ಮದುವೆಯಾಗಿ, ಹಗಲು ಟ್ರಾಮ್ ಡಿಪೋದಲ್ಲಿ ದುಡಿದು ಸಂಜೆ ಟ್ರಂಪೆಟ್ ಊದಿದವರು. ಈಗ ಸೈನಿಕರ ಹಳೆಯ ಚರ್ಚಿನಲ್ಲಿ ಬಡಾವಣೆಯ ಮಕ್ಕಳಿಗೆ ಸಂಗೀತ ಕಲಿಸುತ್ತಿದ್ದರು. ಉಳವಪ್ಪನ ಮಗಳು ಸಂಜನಾ ಪಿಯಾನೋ ಕಲಿಯಲೆಂದು ಅಲ್ಲಿಗೆ ಹೋಗಿ, ತನಗಿಂತ ಎತ್ತರದ ತಂತಿವಾದ್ಯ ಡಬಲ್ ಬೇಸನ್ನು ತಬ್ಬಿಕೊಂಡು ನಿಂತಿದ್ದಳು. "ಇದನ್ನ ಬಾರ್ಸಿದ್ರ ಯಾರಿಗರ ಕೇಳಸ್ತೈತೇನವಾ?" ಎಂದು ಉಳವಪ್ಪ ಆಗ ಕೇಳಿದ್ದ. ತಮಾಷೆಗೆ ಕೇಳಿದ್ದು. ಹದಿನಾಲ್ಕರ ಹುಡುಗಿ ಅದನ್ನು ತಮಾಷೆಯಾಗಿ ತೆಗೆದುಕೊಂಡಿರಲಿಲ್ಲ. ಆಮೇಲಿನ ಎರಡು ವರ್ಷ ಅವನನ್ನು ಒಂದು ಕಾರ್ಯಕ್ರಮಕ್ಕೂ ಕರೆದಿರಲಿಲ್ಲ.

ಇವತ್ತು ಬೆಳಿಗ್ಗೆ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತು, ಬೆರಳಿಗೆ ಪ್ಲಾಸ್ಟರ್ ಸುತ್ತಿಕೊಳ್ಳುತ್ತ ಜರ್ಮನ್ನಿನಲ್ಲಿ ಹೇಳಿದಳು, "ಮೂರನೆಯ ಹಾಡಿನಲ್ಲಿ ನನ್ನ ಸೋಲೋ ಇದೆ. ಒಂದೂವರೆ ನಿಮಿಷ. ಆಗ ಕಾರ್ಯಕ್ರಮದ ಪಟ್ಟಿ ನೋಡಬೇಡ, ಫೋನ್ ನೋಡಬೇಡ. ಕೇಳು, ಅಷ್ಟೇ."

"ಕೇಳ್ತೀನಿ ಬಿಡವಾ. ಅದಕ್ಕಂತನ ಸನ್ಮಾನ ಮೂರನೇದು ಮುಗದ್ ಮ್ಯಾಲ ಇಟ್ಟೀನಿ."

ಕನ್ನಡ ಬಳಗದ ಪರವಾಗಿ ರೂಫಸ್ ಅವರಿಗೆ ಸನ್ಮಾನ ಮಾಡೋಣ ಎಂದವನು ಉಳವಪ್ಪನೇ. ಕಛೇರಿ ಪೂರ್ತಿ ಮುಗಿದ ಮೇಲೆ ಇಟ್ಟುಕೊಂಡರೆ ಅತಿಥಿಗಳು ಉಳಿಯುವುದಿಲ್ಲ. ಧಾರವಾಡದಲ್ಲಿ ಅವನು ನೋಡಿಕೊಂಡು ಬಂದದ್ದು ಹೀಗೆ: ನಡುವೆ ನಿಲ್ಲಿಸಿ, ಶಾಲು ಹೊದಿಸಿ, ಗಣ್ಯರು ಎರಡು ಮಾತಾಡಿ ಹೊರಟ ಮೇಲೆ ಹಾಡುವವರು ಮತ್ತೆ ಶ್ರುತಿ ಹಿಡಿಯುವುದು. ಇವತ್ತಿನ ಅತಿಥಿ ಉಪಮೇಯರ್ ಮೇಡಂ ಐದು ಗಂಟೆಗೆ ಇನ್ನೊಂದು ಕಡೆ ಹೋಗಬೇಕಿತ್ತು.

"ನಡುವೆಯಾ?" ಎಂದು ರೂಫಸ್ ಎರಡೆರಡು ಸಲ ಕೇಳಿ ನಕ್ಕಿದ್ದರು. "ಒಂದು ಕಾಲದಲ್ಲಿ ಈ ಊರಿನ ಕೆಲವು ಬಾರುಗಳಲ್ಲಿ ನನಗೆ ಬಿಯರ್ ಕೊಡುತ್ತಿರಲಿಲ್ಲ. ಈಗ ಊದಿ ಮುಗಿಸುವ ತನಕವೂ ಕಾಯುವುದಿಲ್ಲ ಅಂತೀರಿ. ಎಂಥ ಅವಸರದ ಪ್ರೀತಿ!" ಆ ನಗುವಿನಲ್ಲಿ ಬೇಸರವೂ ಇತ್ತೇ ಎಂದು ಉಳವಪ್ಪ ಎರಡು ದಿನ ಯೋಚಿಸಿದ್ದ.

ಮೊದಲ ಎರಡು ಹಾಡು ಚೆನ್ನಾಗಿಯೇ ಹೋದವು. ಬಡಾವಣೆಯಲ್ಲಿದ್ದ ಘಾನಾ ಕಡೆಯ ಹೆಂಗಸರು ಕುರ್ಚಿ ಬಿಟ್ಟೆದ್ದು ಹುಲ್ಲಿನ ಮೇಲೆ ಹೆಜ್ಜೆ ಹಾಕಿದರು. ಬಿಳಿ ಟೊಪ್ಪಿಗೆಯ ಒಬ್ಬ ಮುದುಕಿ, "ಹೇಳು ರೂಫಸ್, ಹೇಳು!" ಎಂದು ಕೂಗುತ್ತಿದ್ದಳು, ಅವರು ಊದುತ್ತಿಲ್ಲ, ಏನೋ ಸುದ್ದಿ ಹೇಳುತ್ತಿದ್ದಾರೆ ಎಂಬಂತೆ. ಸಂಜನಾ ಪಿಯಾನೋ ಮತ್ತು ಡ್ರಮ್ಮಿನ ನಡುವೆ, ಎಲ್ಲರಿಗಿಂತ ಹಿಂದೆ ನಿಂತಿದ್ದಳು.

ಮೂರನೆಯದು ಶುರುವಾದಾಗ ಉಳವಪ್ಪ ತಟ್ಟೆ ಹಿಡಿದು ವೇದಿಕೆಯ ಮೆಟ್ಟಿಲ ಬಳಿ ಬಂದ. ಸೋಲೋ ಎಂದರೆ ಮಗಳು ಮುಂದೆ ಮೈಕಿನ ಹತ್ತಿರ ಬರುತ್ತಾಳೆಂದು ಅವನ ಎಣಿಕೆ. ಅವಳು ಕದಲಲಿಲ್ಲ. ರೂಫಸ್ ಬಹಳ ಹೊತ್ತು ಊದಿ ಟ್ರಂಪೆಟ್ ಕೆಳಗಿಳಿಸಿದರು. ಜನ ಚಪ್ಪಾಳೆ ತಟ್ಟಿದರು. ಪಿಯಾನೋ ನುಡಿಸುವವನು ಒಂದಿಷ್ಟು ನುಡಿಸಿ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ. ಮತ್ತೆ ಚಪ್ಪಾಳೆ. ಡ್ರಮ್ಮಿನವನು ಕೋಲುಗಳನ್ನು ಜೋಡಿಸಿ ಹಿಡಿದು ತಲೆ ತಗ್ಗಿಸಿದ. ಮುಗಿಯಿತು.

ಮುಗಿದಿರಲಿಲ್ಲ. ಸಂಜನಾಳ ಬೆರಳು ಇನ್ನೂ ಓಡಾಡುತ್ತಿತ್ತು. ದುಮ್, ದುದುಮ್, ಸ್ವಲ್ಪ ಬಿಟ್ಟು ಮತ್ತೊಂದು. ಅವಳ ಕಣ್ಣು ಮುಚ್ಚಿದ್ದವು.

ಉಳವಪ್ಪ ಪಿಯಾನೋದತ್ತ, ಡ್ರಮ್ಮಿನತ್ತ ನೋಡಿದ. ಎಲ್ಲರೂ ನಿಲ್ಲಿಸಿದ್ದಾರೆ, ಇವಳಿಗೆ ಗೊತ್ತೇ ಆಗಿಲ್ಲ. ಅವನು ಹತ್ತು ವರ್ಷದವನಿದ್ದಾಗ ಮಠದ ಭಜನೆಯಲ್ಲಿ ತಾಳ ಬಡಿಯುತ್ತ ಮೈಮರೆತಿದ್ದ. ಎಲ್ಲರೂ ಕೊನೆಯ ಪೆಟ್ಟಿಗೆ ಒಟ್ಟಿಗೆ ನಿಲ್ಲಿಸಿದ ಮೇಲೂ ಇವನ ತಾಳ ಎರಡು ಸಲ ಝಣ್ ಎಂದಿತ್ತು. ಆ ನಗು ಹೈಸ್ಕೂಲು ಮುಗಿಯುವವರೆಗೂ ಬೆನ್ನು ಬಿಟ್ಟಿರಲಿಲ್ಲ. ಈಗ ಇಲ್ಲಿ ಇನ್ನೂರು ಜನ ಉಸಿರು ಬಿಗಿಹಿಡಿದು ಮಗಳನ್ನೇ ನೋಡುತ್ತಿದ್ದಾರೆ. ಯಾರೋ ಒಬ್ಬರು ನಗುವ ಮೊದಲು ಏನಾದರೂ ಮಾಡಬೇಕು.

ಅವನು ಮೆಟ್ಟಿಲು ಹತ್ತಿ, ತಟ್ಟೆಯನ್ನು ಒಂದು ಕೈಗೆ ದಾಟಿಸಿಕೊಂಡು, ಇನ್ನೊಂದು ಕೈಯಲ್ಲಿ ಮೈಕು ಹಿಡಿದ. "ತುಂಬಾ ಧನ್ಯವಾದ! ತುಂಬಾ ಸುಂದರ!" ಎಂದು ಜರ್ಮನ್ನಿನಲ್ಲಿ ಕೂಗಿದ. ಸ್ಪೀಕರಿನಲ್ಲಿ ಪ್ಲಾಸ್ಟಿಕ್ ಹಾಳೆಯ ಚರಪರ ಸದ್ದು ಅವನ ಮಾತಿಗಿಂತ ದೊಡ್ಡದಾಗಿ ಕೇಳಿಸಿತು. ಉಪಮೇಯರ್ ಮೇಡಂ ಗಡಬಡಿಸಿ ಎದ್ದು ಚಪ್ಪಾಳೆ ತಟ್ಟಿದರು. ಕೆಲವರು ಅವರನ್ನು ನೋಡಿ ತಾವೂ ತಟ್ಟಿ, ನಡುವೆಯೇ ಬಿಟ್ಟರು.

ಬೇಸಿನ ಸದ್ದು ನಿಂತಿತ್ತು. ಸಂಜನಾ ಅಂಗೈಯನ್ನು ತಂತಿಗಳ ಮೇಲೆ ಒತ್ತಿ ಹಿಡಿದಿದ್ದಳು. ಅವಳ ಮುಖ ನೋಡಿದಾಗ ಉಳವಪ್ಪನಿಗೆ ತಾನು ಮಾಡಿದ್ದೇನೆಂದು ಇನ್ನೂ ತಿಳಿಯದಿದ್ದರೂ, ಏನೋ ಮಾಡಿಬಿಟ್ಟಿದ್ದೇನೆ ಎಂಬುದು ತಿಳಿಯಿತು.

"ಅಣ್ಣಾ, ಇಳೀರಿ ಕೆಳಗೆ," ಹಮೀದ್ ಮೆಟ್ಟಿಲ ಬಳಿಯಿಂದ ಹಲ್ಲು ಕಚ್ಚಿ ಹೇಳಿದ. "ಅದೇ ಅಣ್ಣ ಅವಳ ಸೋಲೋ."

ರೂಫಸ್ ಹತ್ತಿರ ಬಂದು ಅವನ ಕೈಯಿಂದ ಮೈಕು ತೆಗೆದುಕೊಂಡು ಆಫ್ ಮಾಡಿದರು. ಸಿಟ್ಟಾದಂತೆ ಕಾಣಲಿಲ್ಲ. "ನಾವು ನಿಲ್ಲಿಸಿದ್ದಲ್ಲ, ಮಿಸ್ಟರ್ ಉಳವಪ್ಪ," ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು. "ಅವಳಿಗೆ ಜಾಗ ಬಿಟ್ಟದ್ದು."

"ಸಾರಿ... ನಾನು... ಅಂದ್ರೆ, ಎಲ್ಲರೂ..." ಉಳವಪ್ಪನಿಗೆ ಮೂರು ಭಾಷೆಗಳೂ ಕೈಕೊಟ್ಟವು. ತಟ್ಟೆ ವಾಲಿತು. ಗಂಧದ ಹಾರ ಜಾರಿ ಹಲಗೆಯ ಮೇಲೆ ಬಿತ್ತು. ಬಗ್ಗಿ ಎತ್ತಿಕೊಳ್ಳುವುದೋ ಓಡಿಹೋಗುವುದೋ ಎಂದು ಅವನು ಅರ್ಧ ಬಗ್ಗಿ ನಿಂತ.

"ಅಪ್ಪಾ."

ಜನರೆದುರು ಅವಳು ಅವನೊಡನೆ ಜರ್ಮನ್ ಬಿಟ್ಟು ಬೇರೆ ಮಾತಾಡಿದ್ದೇ ಇಲ್ಲ. ಈಗ ಬೇಸಿನ ಕತ್ತಿನ ಮೇಲಿಂದ ಅವನನ್ನೇ ನೋಡುತ್ತ, ಊರಲ್ಲಿ ಅವಳ ಅಜ್ಜಿ ದೇವೀರಮ್ಮ ಹೇಳುವ ಧಾಟಿಯಲ್ಲೇ ಹೇಳಿದಳು, "ಎಲ್ಲಿ ಹೊಂಟಿ? ಇಲ್ಲೇ ಕುಂದ್ರು."

ಪಿಯಾನೋ ಹತ್ತಿರ ಒಂದು ಕುರ್ಚಿ ಖಾಲಿ ಇತ್ತು. ರೂಫಸ್ ಅದನ್ನು ಕಾಲಿನಿಂದಲೇ ಸರಿಸಿದರು. ಉಳವಪ್ಪ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ, ಬಸ್ಸಿನಲ್ಲಿ ಸೀಟು ಸಿಕ್ಕವನು ಗಂಟು ಹಿಡಿದು ಕೂರುವ ಹಾಗೆ. ಕೆಳಗೆ ಯಾರೋ ನಕ್ಕರು. ಬಿಳಿ ಟೊಪ್ಪಿಗೆಯ ಮುದುಕಿ ತಿರುಗಿ ನೋಡಿದಳು. ನಗು ನಿಂತಿತು.

"ಮೊದಲಿಂದಲಾ?" ರೂಫಸ್ ಸಂಜನಾಳನ್ನು ಕೇಳಿದರು.

ಅವಳು ಅಂಗೈಯನ್ನು ಜೀನ್ಸಿಗೆ ಒರೆಸಿಕೊಂಡಳು. ಕಿವಿ ಕೆಂಪಾಗಿದ್ದವು. "ಬೇಡ. ಬಿಟ್ಟಲ್ಲಿಂದ."

ಅವಳು ಬೇಸನ್ನು ಮತ್ತೆ ಭುಜಕ್ಕೆ ಆನಿಸಿಕೊಂಡು ತಂತಿಗಳ ಮೇಲೆ ಬೆರಳಿಟ್ಟಳು. ಅವಳು ನುಡಿಸುವುದಿಲ್ಲವೇನೋ ಎಂದು ಉಳವಪ್ಪನಿಗೆ ಅನ್ನಿಸತೊಡಗಿದಾಗ ಮೊದಲ ಸ್ವರ ಬಂತು. ಅದು ಅವನಿಗೆ ಕಿವಿಗಿಂತ ಮೊದಲು ಪಾದಕ್ಕೆ ಬಂತು. ವೇದಿಕೆಯ ಹಲಗೆ ಅದುರಿ, ಕುರ್ಚಿಯ ಕಾಲುಗಳಲ್ಲಿ ಹತ್ತಿ, ತೊಡೆಯ ಮೇಲಿನ ತಟ್ಟೆಗೆ ಮುಟ್ಟಿತು. ಬುಟ್ಟಿಯ ಹಾಳೆ ಸಣ್ಣಗೆ ಚರಪರ ಎನ್ನಲು ಶುರುಮಾಡಿತು. ಅವನು ಎರಡೂ ಅಂಗೈಗಳಿಂದ ಅದನ್ನು ಒತ್ತಿ ಹಿಡಿದ.

ಮಗಳು ಈಗ ಕಣ್ಣು ಮುಚ್ಚಿರಲಿಲ್ಲ. ಒಂದು ಸಾಲು ನುಡಿಸಿ ತಡೆಯುತ್ತಿದ್ದಳು, ಅದನ್ನೇ ಬೇರೆ ಕಡೆಯಿಂದ ಹಿಡಿದು ಮತ್ತೆ ಬರುತ್ತಿದ್ದಳು. ಬಲಗೈಯ ತೋರುಬೆರಳಿನ ಪ್ಲಾಸ್ಟರ್ ಬಿಚ್ಚಿ ಒಂದು ತುದಿಯಲ್ಲಿ ನೇತಾಡುತ್ತಿತ್ತು. ಕೆಳಗಿನಿಂದ ಮುದುಕಿ, "ಹೇಳು ಮಗು, ಹೇಳು!" ಅಂದಳು. ರೂಫಸ್ ಟ್ರಂಪೆಟ್ಟನ್ನು ಎದೆಗೆ ಆನಿಸಿಕೊಂಡು ತಲೆ ತಗ್ಗಿಸಿ ಕೇಳುತ್ತಿದ್ದರು.

ಉಪಮೇಯರ್ ಮೇಡಂ ಗಡಿಯಾರ ನೋಡಿಕೊಂಡು, ವೇದಿಕೆಯತ್ತ ಕೈ ಮಾಡಿ ಕ್ಷಮಿಸಿ ಎಂಬಂತೆ ಸನ್ನೆ ಮಾಡಿ, ಬಗ್ಗಿಕೊಂಡು ಸಾಲಿನಿಂದ ಹೊರಗೆ ಹೋದರು. ಉಳವಪ್ಪ ಅದನ್ನು ನೋಡಿದ. ಏಳಲಿಲ್ಲ.

ಕೊನೆಯ ಸ್ವರ ಬಹಳ ಕೆಳಗಿನದು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಮೀದ್ ಶಿಳ್ಳೆ ಹಾಕಿದ. ಸಂಜನಾ ತಿರುಗಿ ಅಪ್ಪನನ್ನು ನೋಡಿದಳು. ಅವನು ಅವಳ ಕೈ ಬಿಟ್ಟ ದಪ್ಪ ತಂತಿಯನ್ನೇ ನೋಡುತ್ತಿದ್ದ. ಅದು ಇನ್ನೂ ನಡುಗುತ್ತಿತ್ತು. ಅದು ಪೂರ್ತಿ ನಿಲ್ಲುವವರೆಗೂ ಅವನು ಬುಟ್ಟಿಯ ಮೇಲಿಂದ ಕೈ ತೆಗೆಯಲಿಲ್ಲ.