ಟೋರಿಲ್ ಅಜ್ಜಿಗೆ ಮಾರ್ಚ್‌ವರೆಗೆ

ಥಾಯ್ಲೆಂಡಿನ ಫ್ಲಾಟಿನಲ್ಲಿ ಬಾಡಿಗೆಗಿದ್ದ ನಾರ್ವೆಯ ಮುದುಕ ತೀರಿಕೊಂಡ ಸುದ್ದಿ ಹೊರಮಾವಿನ ಮನೆಗೆ ಬಂದಾಗ ಗಂಗಲಕ್ಷ್ಮಮ್ಮ ಅಡುಗೆಮನೆಯಲ್ಲಿ ನೆನೆಸಿದ ಅವರೆಕಾಳು ಹಿಸುಕುತ್ತ ಕೂತಿದ್ದಳು. ಸೊಸೆ ರಮ್ಯ ಮೊಬೈಲು ನೋಡಿಕೊಂಡೇ ಒಳಗೆ ಬಂದಳು.

"ಅತ್ತೆ, ನಿಮ್ ಮನೇಲಿದ್ರಲ್ಲ ಆ ತಾತ, ಹೋಗ್ಬಿಟ್ರಂತೆ. ಬೆಳಿಗ್ಗೆ ಆರೂವರೆಗೆ, ಮಲಗಿದ್ದಲ್ಲೇ. ಏಜೆಂಟ್ ಮೇಲ್ ಕಳ್ಸಿದ್ದಾಳೆ."

ಆ ಫ್ಲಾಟನ್ನು 'ನಿಮ್ಮನೆ' ಎಂದು ಕರೆಯುತ್ತಿದ್ದವಳು ರಮ್ಯ ಒಬ್ಬಳೇ. ಮೂರು ವರ್ಷದ ಹಿಂದೆ ಗಂಗಲಕ್ಷ್ಮಮ್ಮನ ಗಂಡ ಮುನಿರಾಜಪ್ಪ ಸ್ನೇಹಿತರ ಜೊತೆ ಹುವಾ ಹಿನ್ ಎಂಬ ಊರಿಗೆ ಹೋಗಿ, ಕಡಲು ಕಾಣುವ ಆ ಫ್ಲಾಟಿಗೆ ಮನಸೋತು ಬಂದಿದ್ದ. ಹೊರದೇಶಕ್ಕೆ ಒಬ್ಬರು ವರ್ಷಕ್ಕೆ ಇಷ್ಟೇ ದುಡ್ಡು ಕಳಿಸಬಹುದು, ನಿಮ್ಮದು ಈ ವರ್ಷ ಮುಗಿದಿದೆ, ಮನೆಯವರ ಹೆಸರಲ್ಲಿ ಮಾಡಿ ಎಂದು ಆಡಿಟರ್ ಹೇಳಿದ್ದರಿಂದ ಅದು ಹೆಂಡತಿಯ ಹೆಸರಿಗೆ ಬಂತು. ಹೊಲ ಮಾವ ದೊಡ್ಡಮುನಿಯಪ್ಪನ ಹೆಸರಲ್ಲಿತ್ತು. ಹೊಲದ ಮೇಲೆ ಎದ್ದ ಹದಿನಾರು ಬಾಡಿಗೆ ಮನೆ ಗಂಡನ ಹೆಸರಲ್ಲಿದ್ದವು. ಅವುಗಳ ನೀರು, ಮೋಟಾರು, ಜಗಳಗಳನ್ನೆಲ್ಲ ಇಪ್ಪತ್ತು ವರ್ಷದಿಂದ ನೋಡಿಕೊಂಡವಳು ಗಂಗಲಕ್ಷ್ಮಮ್ಮ. ತನ್ನ ಹೆಸರಿನ ಮನೆಯನ್ನು ಮಾತ್ರ ಅವಳು ಕಂಡದ್ದು ಒಂದೇ ಸಲ, ನೋಂದಣಿಯ ದಿನ. ಬಾಲ್ಕನಿಯಲ್ಲಿ ಅರ್ಧ ಗಂಟೆ ನಿಂತು ಸಮುದ್ರ ನೋಡಿದ್ದಳು, ಅಷ್ಟೆ. ಚಳಿಗಾಲದ ಐದು ತಿಂಗಳು ಅಲ್ಲಿ ನಾರ್ವೆಯ ಮುದುಕ ಮತ್ತು ಅವನ ಹೆಂಡತಿ ಟೋರಿಲ್ ಬಂದಿರುತ್ತಿದ್ದರು, ಉಳಿದ ತಿಂಗಳು ಬೇರೆ ಯಾರೋ. ಅವಳ ಸರದಿ ಬಂದೇ ಇರಲಿಲ್ಲ.

ಸಂಜೆ ಮುನಿರಾಜಪ್ಪ ಶಾಸ್ತ್ರಿಗಳ ಮನೆಯಿಂದ ನೇರ ಬಂದು ಸೋಫಾದ ಮೇಲೆ ಕುಸಿದ.

"ಆಸಾಮಿ ಧನಿಷ್ಠಾ ನಕ್ಷತ್ರದಲ್ಲಿ ಹೋಗಿದಾನೆ ಕಣೆ. ಆರು ತಿಂಗಳು ಮನೆ ಮುಚ್ಬೇಕಂತೆ."

"ನಾರ್ವೆಯವರಿಗೆ ಧನಿಷ್ಠಾ ಏನ್ರೀ?"

"ಸತ್ತವನು ನಾರ್ವೆಯವನು. ಮನೆ ನಮ್ದಲ್ವಾ?"

"ಮಾವ, ಆ ಅಜ್ಜಿ ಇನ್ನೂ ಅಲ್ಲೇ ಇದ್ದಾರೆ," ಎಂದಳು ರಮ್ಯ. "ಮಾರ್ಚ್ ಕೊನೇವರೆಗೂ ಅಗ್ರಿಮೆಂಟ್ ಇದೆ."

"ಬೇರೆ ಫ್ಲಾಟ್ ಕೊಡ್ಸೋಣಮ್ಮ. ನಾನೇನು ಬೀದಿಗೆ ಹಾಕು ಅಂತಿದೀನಾ? ಮನೆ ಖಾಲಿ ಮಾಡ್ಸೋ ಕಾಗದ ಕಳ್ಸು ಅಂತ ಏಜೆಂಟ್‌ಗೆ ಹೇಳು, ನಿಮ್ಮತ್ತೆ ಒಂದು ಸೈನ್ ಹಾಕಿದ್ರೆ ಆಯ್ತು."

ಅವನದು ಕೆಟ್ಟ ಮನಸ್ಸಲ್ಲ. ಚಿಕ್ಕಪ್ಪನ ಮನೆಯಲ್ಲಿ ಹೀಗೇ ನಕ್ಷತ್ರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಉಳಿದು, ವರ್ಷ ತುಂಬುವುದರೊಳಗೆ ಇನ್ನೊಂದು ಸಾವಾದದ್ದನ್ನು ಕಣ್ಣಾರೆ ಕಂಡವನು. ಹೆದರಿಕೆ ಅವಳಿಗೂ ಇತ್ತು. ಆದರೆ ಅವಳಿಗೆ ನೆನಪಾದದ್ದು ಬಾಣಸವಾಡಿಯ ತವರು. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಅಪ್ಪ ಹೋದ. ನಕ್ಷತ್ರ ಸರಿಯಿಲ್ಲವೆಂದು ದೊಡ್ಡವರು ಬಾಗಿಲಿಗೆ ಮುಳ್ಳುಕೊಂಬೆ ಹಾಕಿ ಮನೆ ಮುಚ್ಚಿದರು. ಅಮ್ಮ ಮಕ್ಕಳನ್ನು ಕಟ್ಟಿಕೊಂಡು ಮೂರು ತಿಂಗಳು ದೊಡ್ಡಪ್ಪನ ಜಗಲಿಯಲ್ಲಿ ಕಳೆದಳು. ಒಳಗೆ ಗೂಟದಲ್ಲಿ ಅಪ್ಪನ ಅಂಗಿ ನೇತಾಡುತ್ತಿತ್ತು. ಅದೊಂದನ್ನು ತಂದುಕೊಡಿ ಎಂದು ಅಮ್ಮ ಎಲ್ಲರನ್ನೂ ಕೇಳಿದಳು. ಯಾರೂ ಬಾಗಿಲು ತೆಗೆಯಲಿಲ್ಲ. ತೆಗೆದ ದಿನ ಅಂಗಿಯ ತುಂಬ ಗೆದ್ದಲು.

ಮರುದಿನ ಮಧ್ಯಾಹ್ನ ಗಂಡ ಹೊರಗೆ ಹೋದ ಮೇಲೆ ಅವಳು ರಮ್ಯಳನ್ನು ಕರೆದಳು. "ಆ ಯಮ್ಮನ ಜೊತೆ ಮಾತಾಡ್ಬೇಕು. ಮುಖ ಕಾಣೋ ಹಾಗೆ ಹಾಕು."

ತೆರೆಯ ಮೇಲೆ ಟೋರಿಲ್ ಬಂದಳು. ಬಿಳಿ ಕೂದಲು, ಬಿಸಿಲಿಗೆ ಕೆಂಪಾದ ಮುಖ. ರಮ್ಯ ಇಬ್ಬರ ನಡುವೆ ಕೂತು ಮಾತು ದಾಟಿಸಿದಳು.

"ಏಜೆಂಟ್ ಎಲ್ಲಾ ಹೇಳಿದ್ದಾಳಂತೆ ಅತ್ತೆ. ನಿಮ್ಮ ಪದ್ಧತಿ ಹಾಗಿದ್ರೆ ನಂದೇನೂ ತಕರಾರಿಲ್ಲ, ಸಾಮಾನು ಕಟ್ಟೋಕೆ ಎರಡು ದಿನ ಕೊಡಿ ಅಂತಿದ್ದಾರೆ."

"ಅವರಿಗೆ ಇರೋಕೆ ಇಷ್ಟ ಇದೆಯಾ ಕೇಳು."

ಟೋರಿಲ್ ಎದ್ದು ಫೋನನ್ನು ಗೋಡೆಯತ್ತ ತಿರುಗಿಸಿದಳು. ಸ್ವಿಚ್ಚುಗಳ ಪಕ್ಕದಲ್ಲಿ ಸಣ್ಣ ಸಣ್ಣ ಕಾಗದದ ಚೂರುಗಳು, ಮೇಲೆ ನೀಲಿ ಅಕ್ಷರ. ಯಾವ ಸ್ವಿಚ್ಚು ಯಾವ ದೀಪದ್ದು ಎಂದು ಅವಳಿಗೆ ಮರೆತುಹೋಗುತ್ತದೆ, ಗಂಡ ಪ್ರತಿಯೊಂದಕ್ಕೂ ಬರೆದು ಅಂಟಿಸಿದ್ದ. ಅಡುಗೆಮನೆಯಲ್ಲಿ, ಬಚ್ಚಲಲ್ಲಿ, ಮಂಚದ ತಲೆಯ ಹತ್ತಿರ, ಎಲ್ಲ ಕಡೆ ಅದೇ ಕೈಬರಹ. ಟೋರಿಲ್ ಒಂದೊಂದನ್ನೂ ತೋರಿಸುತ್ತ ಹೋದಳು.

"ಮಾರ್ಚ್ ಕೊನೇವರೆಗೂ ಇರಿ ಅಂತ ಹೇಳು," ಎಂದಳು ಗಂಗಲಕ್ಷ್ಮಮ್ಮ.

ರಮ್ಯ ಫೋನಿಗೆ ಅಂಗೈ ಅಡ್ಡ ಹಿಡಿದಳು. "ಅತ್ತೆ, ಮಾವನ್ನ ಒಂದ್ಸಲ ಕೇಳ್ಬಿಟ್ಟು..."

"ಸೈನ್ ಯಾರದ್ದು?"

"ನಿಮ್ದೇ."

"ಮತ್ತೆ ಹೇಳು."

ಹೇಳಿದ್ದಾಯಿತು. ಆಮೇಲೆ ಗಂಗಲಕ್ಷ್ಮಮ್ಮ ಪಾತ್ರೆ ತೊಳೆಯಲು ನಿಂತಳು. ನಾಳೆ ಈ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೂ ಎಲ್ಲರೂ ತನ್ನ ಮುಖವನ್ನೇ ನೋಡುತ್ತಾರೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಅನ್ನಿಸಲಿಲ್ಲ. ಅದೇ ಅವಳಿಗೆ ಹೊಸದು.

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಮುನಿರಾಜಪ್ಪ ಫೋನು ಹಿಡಿದು ಪೆಚ್ಚುನಗೆ ನಗುತ್ತ ಬಂದ.

"ಶಾಂತಿಗೆ ಏನೇನು ಬೇಕು ಅಂತ ಶಾಸ್ತ್ರಿಗಳನ್ನ ಕೇಳ್ತಿದ್ದೆ. ಆರೂವರೆ ಅಂದ್ರಲ್ಲ, ಅದು ಯಾವೂರ ಟೈಮು ಅಂದ್ರು ನೋಡು. ಅಲ್ಲಿ ಒಂದೂವರೆ ಗಂಟೆ ಮುಂದೆ ಅಲ್ವಾ? ನಮ್ಮಲ್ಲಿ ಆಗ ಐದೇ ಗಂಟೆ. ಧನಿಷ್ಠಾ ಶುರುವಾಗಿದ್ದು ಐದೂ ಇಪ್ಪತ್ತಕ್ಕಂತೆ. ಪುಣ್ಯಾತ್ಮ ಶ್ರವಣದಲ್ಲೇ ಹೋಗಿದಾನೆ. ದೋಷಾನೇ ಇಲ್ಲ. ಆ ಯಮ್ಮ ಆರಾಮಾಗಿ ಇರ್ಲಿ."

ರಮ್ಯ ದೋಸೆ ತಿರುವುತ್ತ ಅತ್ತೆಯ ಕಡೆ ನೋಡಿದಳು. ಸುಮ್ಮನಿದ್ದುಬಿಡಿ ಎಂದು ಅವಳ ಕಣ್ಣು ಹೇಳುತ್ತಿತ್ತು. ಸುಮ್ಮನಿರುವುದು ಗಂಗಲಕ್ಷ್ಮಮ್ಮನಿಗೆ ಕಷ್ಟವೂ ಅಲ್ಲ, ಮೂವತ್ತೆರಡು ವರ್ಷದ ಅಭ್ಯಾಸ. ಒಂದು 'ಹೌದಾ' ಅಂದಿದ್ದರೆ ಸಾಕಿತ್ತು. ಆದರೆ ಹಾಗಂದರೆ ಆ ಹೆಂಗಸು ಉಳಿದದ್ದು ಗಡಿಯಾರದ ದಯೆಯಿಂದ ಎಂದಾಗುತ್ತಿತ್ತು.

"ನಾನು ನಿನ್ನೇನೇ ಹೇಳ್ಬಿಟ್ಟೆ ಕಣ್ರೀ, ಇರಿ ಅಂತ. ಧನಿಷ್ಠಾ ಅಂತ ತಿಳ್ಕೊಂಡೇ ಹೇಳ್ದೆ."

ಅವನ ಮುಖದ ನಗೆ ಹೋಯಿತು. "ನನ್ನ ಒಂದ್ಮಾತೂ ಕೇಳ್ದೇನೇ?"

"ಕೇಳಿದ್ರೆ ಬೇಡ ಅಂತಿದ್ರಿ."

"ಏನಾದ್ರೂ ಹೆಚ್ಚುಕಮ್ಮಿ ಆಗಿದ್ರೆ?"

"ನನ್ನ ಹೆಸರಲ್ಲಿರೋ ಮನೆ. ಆಗೋದು ನನಗೇ ಆಗ್ಲಿ ಅಂದ್ಕೊಂಡೆ."

ಮುನಿರಾಜಪ್ಪ ಕುರ್ಚಿ ಎಳೆದುಕೊಂಡು ಕೂತ. ದೋಸೆ ಮುರಿದ, ತಿನ್ನಲಿಲ್ಲ. ಚಟ್ನಿಗೆ ಉಪ್ಪು ಕಮ್ಮಿ ಎಂದ. ಅವಳು ಉಪ್ಪಿನ ಬಟ್ಟಲನ್ನು ಅವನ ಹತ್ತಿರಕ್ಕೆ ಸರಿಸಿದಳು. ಉಪ್ಪು ಹಾಕಿಕೊಳ್ಳುತ್ತ ಅವನೇ ಕೇಳಿದ:

"ಒಬ್ಳೇ ಇರ್ತಾಳಾ ಅಲ್ಲಿ? ಭಯ ಆಗಲ್ವಂತಾ?"

"ಅದನ್ನ ಕೇಳಲಿಲ್ಲ," ಎಂದಳು ಗಂಗಲಕ್ಷ್ಮಮ್ಮ. "ಏಪ್ರಿಲ್‌ನಲ್ಲಿ ಯಾರಿಗೂ ಬಾಡಿಗೆಗೆ ಕೊಡ್ಬೇಡ ಅಂತ ರಮ್ಯಂಗೆ ಹೇಳಿದೀನಿ. ನಾನೇ ಹೋಗಿ ಒಂದು ತಿಂಗಳು ಇದ್ದು ಬರ್ತೀನಿ."

"ಒಬ್ಳೇನಾ?"

"ನೀವು ಬರೋದಾದ್ರೆ ಬನ್ನಿ," ಎಂದು ಅವಳು ಅವನ ತಟ್ಟೆಗೆ ಇನ್ನೊಂದು ದೋಸೆ ಹಾಕಿದಳು.